ಹಸಿರು ಗೇಟಿನ ಮುಂದಿನ ಚುಕ್ಕಿ

ಫೆಬ್ರವರಿ 3, ಸೋಮವಾರ

ನಮ್ಮ ಯಜಮಾನರಿಗೆ ಅನುಮಾನದ ಕಾಯಿಲೆ ಅಂಟಿಕೊಂಡಿದೆ. ಇವತ್ತು ಬೆಳಗ್ಗೆ ವರ್ಕ್‌ಶಾಪಿಗೆ ಬಂದವರು ನನ್ನ ಮೇಜಿನ ಮೇಲಿನ ಸ್ಕ್ರೂಡ್ರೈವರನ್ನು ಬೆರಳಲ್ಲಿ ತಿರುಗಿಸುತ್ತಾ, "ನೋಡಿ ಅಮ್ಮಾ, ನಮ್ಮ ಗಾಡಿಗಳು ಹಗಲೆಲ್ಲ ಎಲ್ಲೆಲ್ಲಿ ಸುತ್ತುತ್ವೆ ಅಂತ ನಂಗೆ ಗೊತ್ತಾಗ್ಬೇಕು" ಎಂದರು.

ನಮ್ಮದು ರಕ್ತದ ಚೀಲಗಳನ್ನೂ ಔಷಧಿಗಳನ್ನೂ ಬಿಸಿಯಾಗದಂತೆ ಆಸ್ಪತ್ರೆಗಳಿಗೆ ಮುಟ್ಟಿಸುವ ಕಂಪನಿ. ಪ್ರತಿ ವ್ಯಾನಿನಲ್ಲೂ ಡ್ರೈವರ್ ಸೀಟಿನ ಹಿಂದೆ ಒಂದು ಗೇಟ್‌ವೇ ಕೂರಿಸಿದ್ದೇನೆ. ಊಟದ ಡಬ್ಬಿಯಷ್ಟಿರುವ ಲೋಹದ ಪೆಟ್ಟಿಗೆ, ಒಳಗೊಂದು ಸಿಮ್ ಕಾರ್ಡು. ವ್ಯಾನಿನೊಳಗೆ ಎಷ್ಟು ತಂಪಿದೆ ಎಂಬುದನ್ನು ಮೊಬೈಲ್ ನೆಟ್‌ವರ್ಕಿನ ಮೂಲಕ ಆಫೀಸಿಗೆ ಕಳಿಸುತ್ತಿರುವುದು ಅದರ ಕೆಲಸ. ಅದರಲ್ಲಿ ಜಿಪಿಎಸ್ ಕೂಡ ಇದೆ. ಇಷ್ಟು ದಿನ ಅದನ್ನು ಯಾರೂ ಕೇಳಿರಲಿಲ್ಲ, ನಾನೂ ಆನ್ ಮಾಡಿರಲಿಲ್ಲ.

"ಡ್ರೈವರುಗಳ ಮೇಲೆ ನಂಬಿಕೆ ಇಲ್ವಾ ಸಾರ್?" ಎಂದೆ.

"ನಂಬಿಕೆ ಇದೆ. ಆದ್ರೂ ನೋಡ್ತಾ ಇರ್ಬೇಕು" ಎಂದರು.

ಇಂಥವರಿಗೆ ಏನು ಹೇಳುವುದು? ಯಾರನ್ನೂ ನಂಬದೆ ಬದುಕುವುದು ಎಂಥ ಶಿಕ್ಷೆ! ನನ್ನಿಂದಂತೂ ಆಗದು.

ನಮ್ಮ ಅಳಿಯದೇವರ ವಿಷಯ ಬೇರೆ. ಅದು ಅನುಮಾನವಲ್ಲ, ಅನುಭವ. ಅವರೂ ಇಲ್ಲೇ ಡ್ರೈವರು. ನನ್ನ ಮಗಳನ್ನು ಮದುವೆಯಾಗಿ ಎರಡು ವರ್ಷವಾಯಿತು, ನಮ್ಮ ಮನೆಯ ಮಹಡಿಯ ಮೇಲೆಯೇ ಸಂಸಾರ. ಇದುವರೆಗೆ ಒಂದು ಸಲವೂ ನನಗೆ ಎದುರಾಡಿಲ್ಲ, ದನಿ ಎತ್ತಿಲ್ಲ, ಪಾತ್ರೆ ತೊಳೆಯುವುದಕ್ಕೂ ಬೇಸರಿಸಿಲ್ಲ. ಮನುಷ್ಯಮಾತ್ರರಿಗೆ ಇದು ಸಾಧ್ಯವೇ? ಒಳಗೆ ಏನೋ ಇದೆ.

ಫೆಬ್ರವರಿ 5, ಬುಧವಾರ

ಎಲ್ಲ ವ್ಯಾನುಗಳ ಕೆಲಸ ಮುಗಿಯಿತು. ಮಾಡಿನ ಮೇಲೆ ಆಂಟೆನಾ ಅಂಟಿಸು, ತಂತಿಯನ್ನು ಬಾಗಿಲ ಸಂದಿಯಿಂದ ಒಳಗೆಳೆ, ಲ್ಯಾಪ್‌ಟಾಪ್ ಜೋಡಿಸಿ ಸೆಟ್ಟಿಂಗಿನ ಪುಟ ತೆರೆ, ಜಿಪಿಎಸ್ ಆನ್ ಮಾಡು, ಆಫೀಸಿನ ಸರ್ವರಿನ ವಿಳಾಸ ಕೊಡು, ಎಷ್ಟು ಹೊತ್ತಿಗೊಮ್ಮೆ ವರದಿ ಕಳಿಸಬೇಕೆಂದು ಹೇಳು. ಸೊಂಟ ಹಿಡಿದುಹೋಗಿದೆ. ಸಂಜೆ ಯಜಮಾನರ ಕೋಣೆಯ ಟಿವಿಯಲ್ಲಿ ಊರಿನ ನಕ್ಷೆ, ಅದರ ಮೇಲೆ ಒಂದೊಂದು ವ್ಯಾನಿಗೂ ಒಂದೊಂದು ಕೆಂಪು ಚುಕ್ಕಿ. ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಕುಣಿದಾಡಿದರು.

ಏಣಿ ಹಿಡಿದುಕೊಂಡದ್ದು ಅಳಿಯದೇವರು. "ಅತ್ತೆ ಕೈ ಇಟ್ರೆ ಮುಗೀತು, ಅದನ್ನ ಇನ್ನೊಬ್ರು ನೋಡೋ ಹಾಗೇ ಇಲ್ಲ" ಎಂದು ಉಳಿದ ಡ್ರೈವರುಗಳ ಮುಂದೆ ಹೊಗಳಿದ್ದೇ ಹೊಗಳಿದ್ದು. ಇಷ್ಟು ಬೆಣ್ಣೆ ಯಾಕಪ್ಪಾ ಎಂದುಕೊಂಡೆ. ತನ್ನನ್ನು ಕಾಯುವ ಯಂತ್ರ ಕೂರಿಸುವವಳನ್ನು ಯಾರಾದರೂ ಹೊಗಳುತ್ತಾರೆಯೇ?

ಫೆಬ್ರವರಿ 6, ಗುರುವಾರ

ಯಜಮಾನರು ದಿನವಿಡೀ ತಲೆ ತಿಂದರು. "ಅಮ್ಮಾ, ಗಾಡಿ ಮಾಯ! ಅಮ್ಮಾ, ಚುಕ್ಕಿ ಇಲ್ಲ!" ಗೇಟ್‌ವೇಗೆ ಆಕಾಶ ಕಾಣಬೇಕು ಸಾರ್, ಉಪಗ್ರಹ ಸಿಗದೆ ಇದ್ದರೆ ತಾನೆಲ್ಲಿದ್ದೇನೆಂದು ಅದಕ್ಕೂ ತಿಳಿಯದು ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ರೋಸಿಹೋಗಿ ಸೆಟ್ಟಿಂಗಿನಲ್ಲಿ ಇನ್ನೊಂದು ಗುರುತು ಹಾಕಿದೆ: ಹೊಸ ಜಾಗ ಸಿಗದಿದ್ದರೆ ಹಳೆಯ ಜಾಗವನ್ನೇ ಮತ್ತೆ ಕಳಿಸು. ಎಲ್ಲ ವ್ಯಾನುಗಳಿಗೂ ಇಲ್ಲಿಂದಲೇ ಹಾಕಿಬಿಟ್ಟೆ. ಈಗ ಯಾವ ಚುಕ್ಕಿಯೂ ಮಾಯವಾಗುವುದಿಲ್ಲ. ಯಜಮಾನರ ಬಾಯಿ ಮುಚ್ಚಿತು, ನನಗೆ ಟೀ ಕುಡಿಯಲು ಪುರುಸೊತ್ತಾಯಿತು.

ಫೆಬ್ರವರಿ 11, ಮಂಗಳವಾರ

ನಾನು ಹೇಳಲಿಲ್ಲವೇ!

ಹುಡುಕಲು ಹೋದವಳಲ್ಲ. ಆಂಟೆನಾಗಳು ಸರಿಯಾಗಿವೆಯೇ ಎಂದು ನಕ್ಷೆ ನೋಡುತ್ತಿದ್ದೆ, ಕಣ್ಣಿಗೆ ಬಿತ್ತು. ಅಳಿಯದೇವರ ವ್ಯಾನು ಮಧ್ಯಾಹ್ನವಾಗುತ್ತಿದ್ದಂತೆ ಮೇಲ್ಸೇತುವೆಯ ಪಕ್ಕದ ಒಂದು ಗಲ್ಲಿಗೆ ಹೋಗಿ ನಿಲ್ಲುತ್ತದೆ. ಅಂಗಡಿಯಿಲ್ಲ, ಆಸ್ಪತ್ರೆಯಿಲ್ಲ, ಬರೀ ಮನೆಗಳ ಗಲ್ಲಿ. ಹೆಚ್ಚುಕಮ್ಮಿ ಒಂದು ಗಂಟೆ ಅಲ್ಲೇ. ನಿನ್ನೆಯೂ ಹಾಗೇ, ಶನಿವಾರವೂ ಹಾಗೇ. ಚುಕ್ಕಿ ಎಳ್ಳಷ್ಟೂ ಅಲುಗಾಡುವುದಿಲ್ಲ, ಗೂಟ ಹೊಡೆದ ಹಾಗೆ ನಿಂತಿರುತ್ತದೆ. ಆ ಹೊತ್ತಿಗೆ ಅವರು ದೊಡ್ಡಾಸ್ಪತ್ರೆಯಲ್ಲಿ ಇರಬೇಕು. ದೊಡ್ಡಾಸ್ಪತ್ರೆಯ ಮೇಲೆ ಅವರ ಚುಕ್ಕಿ ಒಂದು ದಿನವೂ ಬಿದ್ದಿಲ್ಲ.

ಮಗಳಿಗೆ ಏನೂ ಹೇಳಲಿಲ್ಲ. ನಾನು ಚಾಡಿ ಹೇಳುವ ಜಾತಿಯವಳಲ್ಲ.

ಫೆಬ್ರವರಿ 13, ಗುರುವಾರ

ಅವರೊಬ್ಬರ ವ್ಯಾನಿನ ವರದಿಯನ್ನು ಹತ್ತು ಸೆಕೆಂಡಿಗೊಮ್ಮೆ ಬರುವಂತೆ ಬದಲಾಯಿಸಿದೆ. ಬರೀ ಪರೀಕ್ಷೆಗಾಗಿ. ನನ್ನ ಫೋನಿನಲ್ಲೂ ಆ ನಕ್ಷೆ ಹಾಕಿಕೊಂಡಿದ್ದೇನೆ. ಅದೂ ಪರೀಕ್ಷೆಗೇ.

ಸಂಜೆ ಅಳಿಯದೇವರು ಮೆಟ್ಟಿಲು ಹತ್ತುವಾಗ ಬಾಗಿಲಲ್ಲೇ ಹಿಡಿದೆ. "ಮಧ್ಯಾಹ್ನ ಹೊತ್ತು ಎಲ್ಲಿರ್ತೀರಿ?"

"ದೊಡ್ಡಾಸ್ಪತ್ರೇಲಿ ಅತ್ತೆ. ಅಲ್ಲಿ ಒಂದೊಂದು ಚೀಲಾನೂ ನೋಡಿ ತಗೋತಾರೆ, ತುಂಬಾ ಹೊತ್ತಾಗುತ್ತೆ. ಯಾಕೆ, ಏನಾದ್ರೂ ತರ್ಬೇಕಿತ್ತಾ?"

ಒಂದು ಕೂದಲೂ ಅಲುಗಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುವುದು ಎಂದರೆ ಇದೇ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮಗಳು ಮೇಲೆ ಹಾಡು ಗುನುಗಿಕೊಂಡು ಬಟ್ಟೆ ಮಡಚುತ್ತಿದ್ದಳು. ಪಾಪ, ಅದಕ್ಕೇನು ಗೊತ್ತು.

ಫೆಬ್ರವರಿ 16, ಭಾನುವಾರ

ರಜೆಯಲ್ಲವೇ, ಕಾಲಾಡಿಸಿಕೊಂಡು ಬರೋಣವೆಂದು ಹೊರಟೆ. ಕಾಲು ತಾನಾಗಿಯೇ ಆ ಗಲ್ಲಿಗೆ ಹೋಯಿತು.

ಚುಕ್ಕಿ ನಿಲ್ಲುವ ಜಾಗದಲ್ಲಿ ಹಸಿರು ಬಣ್ಣದ ಗೇಟಿನ ಮನೆ. ಅಂಗಳದಲ್ಲಿ ಒಬ್ಬಳು ಬಟ್ಟೆ ಒಣಹಾಕುತ್ತಿದ್ದಳು. ಲಕ್ಷಣವಾಗಿದ್ದಾಳೆ, ಇಲ್ಲವೆನ್ನಲಾರೆ. ಬಾಡಿಗೆ ಮನೆ ಹುಡುಕುತ್ತಿದ್ದೇನೆಂದು ಮಾತು ತೆಗೆದೆ. ಬಾಯಿತುಂಬ ಮಾತಾಡಿದಳು. ಗಂಡ ಹಡಗಿನಲ್ಲಿ ಕೆಲಸಕ್ಕಿದ್ದಾನಂತೆ, ಆರು ತಿಂಗಳಿಗೊಮ್ಮೆ ಮುಖ ತೋರಿಸುತ್ತಾನಂತೆ.

"ಒಬ್ಬರೇ ಇರ್ತೀರಾ? ಬೇಜಾರಾಗಲ್ವಾ?" ಎಂದು ಕೆದಕಿದೆ.

"ಬೇಜಾರಿಗೆಲ್ಲ ಎಲ್ಲಿ ಟೈಮ್ ಆಂಟೀ!" ಎಂದು ನಕ್ಕಳು.

ಜಗಲಿಯ ಸ್ಟೂಲಿನ ಮೇಲೆ ಟೀ ಕುಡಿದಿಟ್ಟ ಎರಡು ಲೋಟ. ಎರಡು!

ಮನೆಗೆ ಬಂದವಳು ಚಪ್ಪಲಿ ಬಿಡದೆ ನೇರ ಮಹಡಿಗೆ ಹೋದೆ. ಅಳಿಯದೇವರು ಇರಲಿಲ್ಲ. ಮಗಳನ್ನು ಕೂರಿಸಿಕೊಂಡು ಫೋನಿನ ನಕ್ಷೆ ತೋರಿಸಿದೆ. ದಿನಾ ಮಧ್ಯಾಹ್ನ ಒಂದು ಗಂಟೆ ಆ ಮನೆಯೊಳಗೆ ಇರ್ತಾರೆ ಕಣೇ, ಅವಳ ಜೊತೆ ಕೂತು ಟೀ ಕುಡೀತಾರೆ, ಗಂಡ ಊರಲ್ಲಿಲ್ಲದ ಹೆಂಗಸು, ನಾನೇ ಕಣ್ಣಾರೆ ನೋಡಿ ಬಂದೆ ಎಂದೆ.

ಅವಳ ಮುಖ ಬಿಳಿಚಿಕೊಂಡಿತು. "ಮೆಷಿನ್ನು ತಪ್ಪು ತೋರಿಸಬಹುದಲ್ವಾ ಅಮ್ಮಾ?"

"ಕೂರಿಸಿದ್ದು ನಾನು!" ಎಂದೆ.

ಅಷ್ಟೇ. ಅವಳು ಎದ್ದು ಒಳಗೆ ಹೋದಳು. ತಾಯಿಯಾದವಳು ಹೇಳದೆ ಇನ್ಯಾರು ಹೇಳಬೇಕು?

ಫೆಬ್ರವರಿ 17, ಸೋಮವಾರ

ಮೇಲಿನಿಂದ ಮಾತು ಕೇಳಿಸಿತು. ಮಗಳದೇ ದನಿ, ಅವಳು ಹಾಗೆ ಕಿರುಚಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಆಮೇಲೆ ಅಳಿಯ ಒಂದು ಬ್ಯಾಗು ಹಿಡಿದು ಇಳಿದು ಹೋದರು. ನನ್ನ ಬಾಗಿಲ ಮುಂದೆ ಒಂದು ಗಳಿಗೆ ನಿಂತ ಹಾಗಾಯಿತು. ನಾನು ತೆರೆಯಲಿಲ್ಲ.

ಹೋದರೆ ಹೋಗಲಿ. ಪೀಡೆ ಕಳೆಯಿತು. ಅಡುಗೆ ಮಾಡಿದೆ, ಮಗಳು ಮುಟ್ಟಲಿಲ್ಲ. ನನಗೂ ಸೇರಲಿಲ್ಲ.

ಫೆಬ್ರವರಿ 19, ಬುಧವಾರ

ಆಸಾಮಿ ವ್ಯಾನು ನಿಲ್ಲಿಸುವ ಶೆಡ್ಡಿನ ಪಕ್ಕ ಡ್ರೈವರುಗಳ ಕೋಣೆಯಲ್ಲಿ ಬೀಡುಬಿಟ್ಟಿದ್ದಾರೆ. ಆ ಹಸಿರು ಗೇಟಿನವಳ ಮನೆಗೇ ಹೋಗಬಹುದಿತ್ತಲ್ಲ! ಯಾಕೆ ಹೋಗಲಿಲ್ಲ? ಜನರ ಕಣ್ಣಿಗೆ ಮಣ್ಣೆರಚುವ ಉಪಾಯ, ಇನ್ನೇನು.

ಯಜಮಾನರಿಗೂ ಆ ಚುಕ್ಕಿ ಕಂಡಿದೆ. ನಾನು ಹೇಳಿದ್ದಲ್ಲ, ಅವರೇ ಟಿವಿಯ ಮುಂದೆ ಹದ್ದಿನ ಹಾಗೆ ಕೂತಿರುತ್ತಾರೆ. ಕರೆದು ವಿಚಾರಿಸಿ, ವ್ಯಾನಿನ ಕೀಲಿ ಕಿತ್ತುಕೊಂಡು ಗಾಡಿ ತೊಳೆಯುವ ಕೆಲಸಕ್ಕೆ ಹಾಕಿದ್ದಾರೆ. ಎದುರಾಡಲಿಲ್ಲವಂತೆ.

ವರ್ಕ್‌ಶಾಪಿನ ಮುಂದೆ ಎದುರಾದರು. ಗಡ್ಡ ಬಂದಿದೆ. ಬೈಯುತ್ತಾರೆಂದು ನಾನು ಸೆಟೆದು ನಿಂತೆ.

"ಅತ್ತೆ, ಅವಳು ಊಟ ಮಾಡ್ತಿದಾಳಾ?"

ಇಷ್ಟೇ ಕೇಳಿದ್ದು. ಹ್ಞೂಂ ಎಂದು ಒಳಗೆ ಬಂದೆ. ಅದು ಸುಳ್ಳು. ನಾಟಕದವರು ಎಂಥೆಂಥ ನಾಟಕ ಆಡುತ್ತಾರೆ! ಆದರೆ ಕಣ್ಣು ಕೆಂಪಾಗಿತ್ತು, ಅದನ್ನು ಹೇಗೆ ನಾಟಕದಲ್ಲಿ ತರುತ್ತಾರೋ ನನಗೆ ತಿಳಿಯದು.

ಫೆಬ್ರವರಿ 21, ಶುಕ್ರವಾರ

ಇದೇನಿದು!

ಅಳಿಯ ಓಡಿಸುತ್ತಿದ್ದ ವ್ಯಾನಿಗೆ, ಅದೇ ದಾರಿಗೆ ಈಗ ತಾತನನ್ನು ಹಾಕಿದ್ದಾರೆ. ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಡ್ರೈವರು, ಎಲ್ಲರ ಬಾಯಲ್ಲೂ ತಾತ. ವ್ಯಾನಿನ ಮೆಟ್ಟಿಲು ಹತ್ತಬೇಕಾದರೆ ಎರಡು ಸಲ ಅಯ್ಯಯ್ಯೋ ಎನ್ನುವ ಮನುಷ್ಯ. ಇವತ್ತು ಮಧ್ಯಾಹ್ನ ನೋಡುತ್ತೇನೆ, ಚುಕ್ಕಿ ಹೋಗಿ ಅದೇ ಹಸಿರು ಗೇಟಿನ ಮುಂದೆ ನಿಂತಿದೆ! ಒಂದು ಗಂಟೆ!

ತಾತನೂ!

ಸಂಜೆ ಕೇಳಿದೆ. "ತಾತ, ಮಧ್ಯಾಹ್ನ ಎಲ್ಲಿಗೆ ಹೋಗಿತ್ತು ಸವಾರಿ?"

"ದೊಡ್ಡಾಸ್ಪತ್ರೆಗೆ ಕಣಮ್ಮಾ. ಅಲ್ಲಿ ಕಾಯಿಸಿ ಕಾಯಿಸಿ ಜೀವ ತೆಗೀತಾರೆ. ನಿದ್ದೆ ಬಂದುಬಿಡ್ತು."

ಅದೇ ಮಾತು, ಒಂದಕ್ಷರ ಹೆಚ್ಚುಕಡಿಮೆಯಿಲ್ಲ. ಅಳಿಯ ಹೇಳಿಕೊಟ್ಟಿರಬೇಕು. ಅಥವಾ ಡ್ರೈವರುಗಳೆಲ್ಲ ಸೇರಿ ಆ ಮನೆಯಲ್ಲಿ ಇಸ್ಪೀಟು ಆಡುತ್ತಾರೋ, ರಕ್ತದ ಚೀಲ ಕದ್ದು ಮಾರುತ್ತಾರೋ. ಯಾರಿಗೆ ಗೊತ್ತು, ಯಜಮಾನರಿಗೇ ಅದರಲ್ಲಿ ಪಾಲಿದ್ದರೂ ಇದ್ದೀತು. ಯಾರನ್ನೂ ನಂಬುವ ಕಾಲವಲ್ಲ. ಸೋಮವಾರ ಅರ್ಧ ದಿನ ರಜೆ ಹಾಕಿ ಕೈಯಾರೆ ಹಿಡಿಯುತ್ತೇನೆ.

ಫೆಬ್ರವರಿ 24, ಸೋಮವಾರ

ಎಲ್ಲಿಂದ ಬರೆಯಲಿ?

ಚುಕ್ಕಿ ಗಲ್ಲಿಗೆ ಬರುವುದಕ್ಕೆ ಮೊದಲೇ ಹೋಗಿ ಮೂಲೆಯ ಲೈಟುಕಂಬದ ಹತ್ತಿರ ನಿಂತಿದ್ದೆ. ಒಂದು ಲಾರಿ ಹಿಂದಕ್ಕೆ ಬರುತ್ತಿದ್ದುದರಿಂದ ಪಕ್ಕದ ಸಂದಿಗೆ ಸರಿದೆ. ಅಷ್ಟರಲ್ಲಿ ನಮ್ಮ ವ್ಯಾನಿನ ಶಬ್ದ ಕೇಳಿಸಿತು, ಹೋಯಿತು. ಲಾರಿ ದಾಟಿದ ಮೇಲೆ ಫೋನು ನೋಡಿದೆ. ಚುಕ್ಕಿ ಹಸಿರು ಗೇಟಿನ ಮುಂದೆ ನಿಂತಿದೆ. ಸಿಕ್ಕಿದ ಕಳ್ಳ ಎಂದು ಓಡಿದೆ.

ಗೇಟಿನ ಮುಂದೆ ಏನೂ ಇಲ್ಲ. ಒಂದು ಸೈಕಲ್ ಕೂಡ ಇಲ್ಲ. ಚುಕ್ಕಿ ಇರುವ ಜಾಗದಲ್ಲಿ ನಾನೇ ನಿಂತಿದ್ದೆ. ಹತ್ತು ಸೆಕೆಂಡಿಗೊಮ್ಮೆ ವರದಿ ಬರುತ್ತಲೇ ಇತ್ತು: ವ್ಯಾನು ಇಲ್ಲಿದೆ, ಇಲ್ಲಿದೆ, ಇಲ್ಲೇ ಇದೆ.

ಹಸಿರು ಗೇಟಿನವಳು ಹೊರಗೆ ಬಂದಳು. "ಆಂಟೀ, ಇನ್ನೂ ಮನೆ ಸಿಕ್ಕಿಲ್ವಾ? ಬಿಸಿಲಲ್ಲಿ ಯಾಕೆ ನಿಂತ್ರಿ, ಬನ್ನಿ ಒಳಗೆ." ಜಗಲಿಯಲ್ಲಿ ಒಬ್ಬ ಮುದುಕಿ ಟೀ ಕುಡಿಯುತ್ತಾ ಕೂತಿತ್ತು. "ನಮ್ಮತ್ತೆ. ಕಿವಿ ಕೇಳಿಸಲ್ಲ, ಸ್ವಲ್ಪ ಜೋರಾಗಿ ಮಾತಾಡಿ" ಎಂದಳು.

ಒಳಗೆ ಹೋಗುವ ಮುಖವಿರಲಿಲ್ಲ. ವ್ಯಾನು ಹೋದ ದಿಕ್ಕಿಗೆ ನಡೆದೆ. ಗಲ್ಲಿ ಮುಗಿದ ಕೂಡಲೇ ಮೇಲ್ಸೇತುವೆ, ತಲೆಯ ಮೇಲೆ ಕಾಂಕ್ರೀಟು. ಅದರ ಅಡಿಯಲ್ಲೇ ರಸ್ತೆ ಸಾಗಿ ದೊಡ್ಡಾಸ್ಪತ್ರೆಯ ಹಿಂಬಾಗಿಲಿಗೆ ಮುಟ್ಟುತ್ತದೆ, ಅಲ್ಲಿಂದ ಇಳಿಜಾರು ನೇರ ನೆಲಮಾಳಿಗೆಗೆ. ಇಳಿದು ಹೋದೆ. ನಮ್ಮ ವ್ಯಾನು ಅಲ್ಲಿ ನಿಂತಿತ್ತು. ತಾತ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಒಬ್ಬ ನರ್ಸು ಒಂದೊಂದೇ ಚೀಲ ಎತ್ತಿ ನೋಡಿ ಇಡುತ್ತಿದ್ದಳು.

ನನ್ನ ಫೋನಿಗೆ ಸಿಗ್ನಲ್ ಭರ್ತಿ. ನೆಲಮಾಳಿಗೆಯಲ್ಲೂ ಮೊಬೈಲ್ ಕೆಲಸ ಮಾಡುವಂತೆ ಆಸ್ಪತ್ರೆಯವರು ವ್ಯವಸ್ಥೆ ಮಾಡಿದ್ದಾರೆ. ನಮ್ಮ ಗೇಟ್‌ವೇ ಆರಾಮಾಗಿ ವರದಿ ಕಳಿಸುತ್ತಿದೆ. ಆಕಾಶ ಮಾತ್ರ ಕಾಣದು. ಆಕಾಶ ಕಾಣದಿದ್ದರೆ ಹಳೆಯ ಜಾಗವನ್ನೇ ಕಳಿಸು ಎಂದು ಹೇಳಿದವಳು ನಾನು. ಸೇತುವೆಯ ನೆರಳಿಗೆ ಬರುವ ಮುಂಚೆ ಅದಕ್ಕೆ ಕೊನೆಯದಾಗಿ ಆಕಾಶ ಕಂಡದ್ದು ಆ ಹಸಿರು ಗೇಟಿನ ಮುಂದೆ.

ಇಷ್ಟು ವರ್ಷ ಇದೇ ಕೆಲಸ ಮಾಡಿಕೊಂಡು ಬಂದವಳು. ನಿಜವಾಗಿ ನಿಂತ ಗಾಡಿಯ ಚುಕ್ಕಿ ಎಂದೂ ಕಲ್ಲಿನ ಹಾಗೆ ನಿಲ್ಲುವುದಿಲ್ಲ, ಅತ್ತ ಇತ್ತ ನಾಲ್ಕು ಮಾರು ತೂಗಾಡುತ್ತಲೇ ಇರುತ್ತದೆ. ಹೊಸ ಹುಡುಗರಿಗೆ ನಾನೇ ಹೇಳಿಕೊಡುವ ಮಾತು. ಎಳ್ಳಷ್ಟೂ ಅಲುಗದ ಚುಕ್ಕಿ ಸತ್ತ ಚುಕ್ಕಿ ಎಂದು ಬೇರೆ ಯಾವ ವ್ಯಾನಾಗಿದ್ದರೂ ಕೂಡಲೇ ಹೇಳುತ್ತಿದ್ದೆ.

"ನೀವು ಆ ಕಂಪನಿಯವರಾ?" ಎಂದಳು ನರ್ಸು. "ಮುಂಚೆ ಬರ್ತಿದ್ದವರು ಎಲ್ಲಿ? ಅವರಿದ್ರೆ ನಂಗೆ ಈ ಪೆಟ್ಟಿಗೆ ಎತ್ತೋ ಕೆಲಸ ಇರ್ಲಿಲ್ಲ."

ರಜೆಯಲ್ಲಿದ್ದಾರೆ ಎಂದೆ. ಇನ್ನೊಂದು ಸುಳ್ಳು. ಪೆಟ್ಟಿಗೆ ಎತ್ತಿಕೊಟ್ಟು ಬಂದೆ.

ಫೆಬ್ರವರಿ 25, ಮಂಗಳವಾರ

ಆ ಗುರುತನ್ನು ಎಲ್ಲ ವ್ಯಾನುಗಳಿಂದ ತೆಗೆದೆ. ಯಜಮಾನರಿಗೆ ಹೇಳಿದೆ. ರೇಗಾಡುತ್ತಾರೆ ಎಂದುಕೊಂಡಿದ್ದರೆ, "ಓ, ಅಷ್ಟೇನಾ? ನಾಳೆಯಿಂದ ಅವನೇ ಗಾಡಿ ತಗೊಳ್ಲಿ" ಎಂದು ಮತ್ತೆ ಟಿವಿ ಕಡೆ ತಿರುಗಿದರು. ಒಬ್ಬರ ಮರ್ಯಾದೆ ತೆಗೆದು ವಾಪಸು ಕೊಡುವುದು ಇವರಿಗೆ ಇಷ್ಟು ಸಲೀಸು.

ಮಗಳಿಗೂ ಹೇಳಿದೆ. "ಸೆಟ್ಟಿಂಗಲ್ಲಿ ತಪ್ಪಾಗಿತ್ತು ಕಣೇ. ಪಾಪ, ಅವರು ಆಸ್ಪತ್ರೇಲೇ ಇದ್ರು."

ಅವಳು ನನ್ನ ಕಡೆ ತಿರುಗಿದಳು. "ಮೆಷಿನ್ ಕೆಟ್ಟಿದೆ ಅಂತ ಒಂದು ಮಾತು ಹೇಳಿ, ನಂಬ್ತೀನಿ ಅಂತ ಅವತ್ತು ಅವರ ಹತ್ರ ಗೋಗರೆದೆ ಅಮ್ಮಾ. ಅತ್ತೆ ಮಾಡಿದ ಕೆಲಸ ಕೆಡಲ್ಲ, ನಂಗೇ ಏನೂ ಅರ್ಥ ಆಗ್ತಿಲ್ಲ ಅಂದ್ರು. ಹಂಗಾದ್ರೆ ನೀವು ಹೋಗಿದ್ದು ನಿಜ ಅಂತ ಕಿರುಚಿದೆ. ನಾನೇ ಹೊರಗೆ ಕಳಿಸಿದೆ."

ಅತ್ತುಬಿಟ್ಟಳು. ಆಮೇಲೆ ಫೋನು ಮಾಡಿ ಕರೆದಳು. ನೋಡೋಣ ಎಂದನಂತೆ ಹುಡುಗ. ಬಂದಿಲ್ಲ.

ಫೆಬ್ರವರಿ 26, ಬುಧವಾರ

ಇವತ್ತೂ ಬರಲಿಲ್ಲ. ವ್ಯಾನು ಓಡಿಸಿಕೊಂಡು ಬಂದು ಮತ್ತೆ ಆ ಕೋಣೆಗೇ ಹೋಗಿದ್ದಾನೆ. ಸಂಜೆ ನಾನೇ ಶೆಡ್ಡಿಗೆ ಹೋದೆ.

ಪೈಪು ಹಿಡಿದು ವ್ಯಾನು ತೊಳೆಯುತ್ತಿದ್ದ. ಬೇರೆಯವರ ವ್ಯಾನು, ಈಗ ಅದು ಅವನ ಕೆಲಸವೂ ಅಲ್ಲ. ಎಷ್ಟು ಇಳಿದುಹೋಗಿದ್ದಾನೆ! ಅಂಗಿ ಹೆಗಲಿನಿಂದ ಜೋತಾಡುತ್ತಿತ್ತು. ಸ್ಟೂಲು ಎಳೆದು ನನಗೆ ಕೂರಲು ಕೊಟ್ಟ.

"ಸೆಟ್ಟಿಂಗಲ್ಲಿ ತಪ್ಪಾಗಿತ್ತಪ್ಪಾ" ಎಂದು ಶುರು ಮಾಡಿದೆ. ಸೇತುವೆ, ನೆಲಮಾಳಿಗೆ, ಕೊನೆಯ ಜಾಗ, ಎಲ್ಲ ಹೇಳಿದೆ. ಶಾಲೆಯ ಹುಡುಗನ ಹಾಗೆ ತಲೆಯಾಡಿಸುತ್ತಾ ಕೇಳಿಸಿಕೊಂಡ. ಮುಗಿದ ಮೇಲೆ ನಲ್ಲಿ ನಿಲ್ಲಿಸಿ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಅತ್ತೆ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಕೇಳಪ್ಪ."

"ಗಾಡಿ ಆ ಗೇಟಿನ ಮುಂದೆ ಇದೆ ಅಂತ ಮೆಷಿನ್ ಹೇಳ್ತು. ಸರಿ, ಅದು ಸೆಟ್ಟಿಂಗ್ ತಪ್ಪು. ನಾನು ಮನೆಯೊಳಗೆ ಹೋದೆ, ಅವರ ಜೊತೆ ಕೂತು ಟೀ ಕುಡಿದೆ ಅಂತ ಯಾವ ಮೆಷಿನ್ ಹೇಳ್ತು?"

ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಏರಿಸುತ್ತಿದ್ದೆ, ಏನಾದರೊಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದೆ. ನೆಲ ನೋಡಿಕೊಂಡು ಹೇಳಿದೆ: "ಯಾವುದೂ ಹೇಳ್ಲಿಲ್ಲ ಕಣಪ್ಪಾ. ನಾನು ಹೇಳಿದ್ದು."

ಅವನ ಕಣ್ಣು ತುಂಬಿಕೊಂಡಿತ್ತು. "ಅವಳಿಗೂ ಹೀಗೇ ಹೇಳಿ ಅತ್ತೆ. ಸೆಟ್ಟಿಂಗ್ ಗಿಟ್ಟಿಂಗ್ ಬೇಡ. ಈಗ ಹೇಳಿದ್ರಲ್ಲ, ಹೀಗೇ. ಅಷ್ಟು ಸಾಕು."

ಮನೆಗೆ ಬಂದು ಮಹಡಿ ಹತ್ತಿದೆ. ಮಗಳು ತರಕಾರಿ ಹೆಚ್ಚುತ್ತಿದ್ದಳು. ನಿಂತೇ ಹೇಳಿದೆ: ಕಣ್ಣಾರೆ ನೋಡಿದೆ ಅಂದಿದ್ದು ಸುಳ್ಳು ಕಣೇ. ನೋಡಿದ್ದು ಎರಡು ಲೋಟ, ಮಿಕ್ಕಿದ್ದೆಲ್ಲ ನಾನೇ ಸೇರಿಸಿದ್ದು. ಅವರು ನಿನ್ನ ಕೈ ಹಿಡಿದ ದಿನದಿಂದ ಇಂಥದ್ದೊಂದು ಸಿಗಲಿ ಅಂತ ಕಾಯ್ತಾ ಇದ್ದೆ ಅನ್ಸುತ್ತೆ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ನನ್ನನ್ನು ಬಳಸಿಕೊಂಡು ಹೋಗಿ ಚಪ್ಪಲಿ ಮೆಟ್ಟಿದಳು. ಎಲ್ಲಿಗೆ ಎಂದು ಕೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ.

ಅವಳು ಬಿಟ್ಟುಹೋದ ತರಕಾರಿ ಹೆಚ್ಚಿಟ್ಟು ಕೆಳಗಿಳಿದು ಬಂದು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಕತ್ತಲಾಗುತ್ತಿದೆ. ಇಬ್ಬರೂ ವ್ಯಾನು ತೆಗೆದುಕೊಂಡು ಎಲ್ಲಿಗಾದರೂ ಹೋದರೋ, ಶೆಡ್ಡಿನಲ್ಲೇ ಕೂತು ಮಾತಾಡುತ್ತಿದ್ದಾರೋ, ಮಾತಾಡದೆಯೇ ಕೂತಿದ್ದಾರೋ. ನನಗೆ ಗೊತ್ತಿಲ್ಲ, ಫೋನಿನ ನಕ್ಷೆ ತೆರೆದಿಲ್ಲ. ಬಂದಾಗ ಬರಲಿ.